ಕರೆಯುವವರಿದ್ದರೆ ಕಲೆ ಉಳಿದೀತು



ಆಂಧ್ರಪ್ರದೇಶದ ಭೂಪಟವನ್ನು ಬಿಡಿಸಿ ನೋಡಿದರೆ ಮಡಕಶಿರಾ ಸೀಮೆ ನಮ್ಮ ತುಮಕೂರು ಜಿಲ್ಲೆಯೊಳಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಸುತ್ತಲೂ ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳ ಹಳ್ಳಿಗಳಲ್ಲಿ ಇಂದಿಗೂ ಬಹಳ ಮನೆಗಳ ಮಾತು ಕನ್ನಡ. ಅದೇ ಗಡಿಯ ಉತ್ತರದ ಕೊನೆಯಲ್ಲಿ, ಬಳ್ಳಾರಿ ಮತ್ತು ಮೊಳಕಾಲ್ಮೂರಿನ ಮಗ್ಗುಲಲ್ಲಿ ರಾಯದುರ್ಗವಿದೆ. ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಬಳ್ಳಾರಿಯೂ ಉಳಿದ ತಾಲ್ಲೂಕುಗಳೂ ಮೈಸೂರು ರಾಜ್ಯಕ್ಕೆ ಬಂದವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಜಿಲ್ಲೆ ಬದಲಾಗುತ್ತದೆ, ರಾಜ್ಯ ಬದಲಾಗುತ್ತದೆ. ಹಳ್ಳಿಯ ಹಾಡು, ಕುಣಿತ, ಕಥೆಗಳು ಮಾತ್ರ ಯಾವ ಗಡಿಯನ್ನೂ ಕೇಳದೆ ಎರಡೂ ಕಡೆ ಓಡಾಡಿಕೊಂಡಿವೆ. ಅವನ್ನು ಹೊತ್ತು ತಿರುಗುವ ಕಲಾವಿದರಿಗೂ ಪಟ್ಟಣದಲ್ಲಿ ಬಾಳುವ ನಮಗೂ ಇರಬೇಕಾದ ನಂಟಿನ ವಿಚಾರವನ್ನು ಈ ತಿಂಗಳು ನಿಮ್ಮ ಮುಂದಿಡಬಯಸಿದ್ದೇವೆ.

ಈ ಸೀಮೆ ನಮ್ಮ ಓದುಗರಿಗೆ ತೀರ ಅಪರಿಚಿತವೇನಲ್ಲ. ಅಮರಾಪುರದ ಸಮೀಪದ ಹೇಮಾವತಿಯೇ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಅಮರಾಪುರದಲ್ಲಿ ದೊರೆತ ಕ್ರಿ.ಶ. 1278ರ ಶಾಸನವೊಂದು ಮಲ್ಲಿಸೆಟ್ಟಿಯೆಂಬ ಶ್ರಾವಕನ ದಾನವನ್ನು ಹೇಳುತ್ತದೆ. ಆತ ತೈಲಂಗೆರೆಯ ಬ್ರಹ್ಮಜಿನಾಲಯಕ್ಕೆ 2000 ಅಡಿಕೆ ಮರಗಳನ್ನು ಬಿಟ್ಟುಕೊಟ್ಟನು. ಆ ದಾನದ ಬಗೆಯನ್ನು ಸ್ವಲ್ಪ ಗಮನಿಸಬೇಕು. ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವ ಹಣವಲ್ಲ ಅದು. ಅಡಿಕೆ ಮರ ವರ್ಷ ವರ್ಷವೂ ಗೊನೆ ಬಿಡುತ್ತದೆ, ವರ್ಷ ವರ್ಷವೂ ಜಿನಾಲಯದ ಖರ್ಚಿಗೆ ಒದಗುತ್ತದೆ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ, ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಆ ಕಡೆಯ ಕಲೆಗಳ ವಿಚಾರ. ಉರುಮೆ ವಾದ್ಯದ ಸದ್ದು ಕೇಳಿದವರು ಅದನ್ನು ಮರೆಯಲಾರರು. ಅದಕ್ಕೆ ಎರಡು ಮುಖ. ಒಂದನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಾಗ ದೂರದಲ್ಲಿ ಮೋಡ ಮೊಳಗಿದಂತೆ ಕೇಳುತ್ತದೆ. ತೆಲುಗಿನಲ್ಲಿ ಉರುಮು ಎಂದರೆ ಗುಡುಗು ಎಂದೇ ಅರ್ಥ. ಅನಂತಪುರದ ಹಳ್ಳಿಗಳಲ್ಲಿ ಇದು ಉರುಮುಲು. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಕಡೆ ಉರುಮೆ. ವಾದ್ಯ ಒಂದೇ, ಹೆಸರೂ ಹೆಚ್ಚುಕಡಿಮೆ ಒಂದೇ.

ತೊಗಲುಗೊಂಬೆಯ ಕಥೆಯೂ ಹೀಗೆಯೆ. ಧರ್ಮಾವರದ ಬಳಿಯ ನಿಮ್ಮಲಕುಂಟ ಗ್ರಾಮ ತೊಲುಬೊಮ್ಮಲಾಟಕ್ಕೆ ಹೆಸರಾದದ್ದು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಈಚೆಗೆ ಬಂದರೆ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿ ತೋರಿಸಿದರು. 2023ರ ಏಪ್ರಿಲ್‌ನಲ್ಲಿ ಅವರು ಅಗಲಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಸಂದಿತು. ಗೊಂಬೆ ಆಡಿಸುವ ಶಿಳ್ಳೇಕ್ಯಾತರು ಮನೆಯಲ್ಲಿ ಆಡುವುದು ಮರಾಠಿ ಬೆರೆತ ನುಡಿ. ಪರದೆಯ ಹಿಂದೆ ಕುಳಿತೊಡನೆ ಊರಿನ ಜನರ ನುಡಿಯೇ ಅವರ ನುಡಿ.

ಬಳ್ಳಾರಿ ಜಿಲ್ಲೆಯ ದರೋಜಿಯ ಬುರ್ರಕಥಾ ಈರಮ್ಮನವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಬುಡ್ಗ ಜಂಗಮರ ಮನೆಯ ಹೆಣ್ಣುಮಗಳು. ಮನೆಮಾತು ತೆಲುಗು, ಬುರ್ರಕಥೆಯೂ ತೆಲುಗು ನಾಡಿನ ಹೆಸರಾಂತ ಕಲೆ. ಆದರೆ ಈರಮ್ಮನವರು ಕುಮಾರರಾಮನ ಕಥೆಯೇ ಮೊದಲಾದ ದೊಡ್ಡ ದೊಡ್ಡ ಕಾವ್ಯಗಳನ್ನು ಹಾಡಿದ್ದು ಕನ್ನಡದಲ್ಲಿ. ಅಕ್ಷರ ಕಲಿಯದ ಆ ತಾಯಿಯ ನಾಲಗೆಯ ಮೇಲಿದ್ದುದನ್ನು ಬರೆದಿಳಿಸಲು ವಿದ್ವಾಂಸರಿಗೆ ಸಾವಿರಾರು ಪುಟಗಳು ಬೇಕಾದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. 2014ರ ಆಗಸ್ಟ್‌ನಲ್ಲಿ ಅವರು ಕಣ್ಮರೆಯಾದರು. ಎರಡು ನುಡಿಗಳ ನಡುವೆ ಸೇತುವೆ ಕಟ್ಟಬೇಕೆಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಈರಮ್ಮನಂಥವರು ಭಾಷಣವಿಲ್ಲದೆ ಆ ಕೆಲಸ ಮಾಡಿದರು.

ಹೀಗಿರುವಾಗ ಪಟ್ಟಣದ ನಾವು ಏನು ಮಾಡುತ್ತಿದ್ದೇವೆ? ಕಲಾವಿದರನ್ನು ಕರೆಸುವುದಿಲ್ಲ ಎನ್ನುವಂತಿಲ್ಲ. ಮೆರವಣಿಗೆಗೆ ಕರೆಸುತ್ತೇವೆ. ಉತ್ಸವದ ಮುಂದೆ, ಗಣ್ಯರ ಸ್ವಾಗತಕ್ಕೆ, ಮದುವೆಯ ವರನ ದಿಬ್ಬಣಕ್ಕೆ ಕರೆಸುತ್ತೇವೆ. ಬಿಸಿಲಿನಲ್ಲಿ ಅರ್ಧ ಹರದಾರಿ ಕುಣಿಸಿ, ಹತ್ತು ನಿಮಿಷ ಫೋಟೋ ತೆಗೆಸಿಕೊಂಡು, ಮುಖ್ಯ ಕಾರ್ಯಕ್ರಮ ಆರಂಭವಾಗುವ ಹೊತ್ತಿಗೆ ಅವರನ್ನು ಹಿಂದಕ್ಕೆ ಕಳಿಸುತ್ತೇವೆ. ಇಡೀ ರಾತ್ರಿಯ ಕಥೆ ಬಲ್ಲವರಿಂದ ನಾವು ಪಡೆದದ್ದು ಹತ್ತು ನಿಮಿಷದ ಸದ್ದು. ಕೇಳುವವರಿಲ್ಲದ ಕಥೆಯನ್ನು ಮಗನಿಗೆ ಏಕೆ ಕಲಿಸಬೇಕೆಂದು ಆ ತಂದೆ ಯೋಚಿಸಿದರೆ ತಪ್ಪೇನು? ನಿಮ್ಮಲಕುಂಟದ ಕುಶಲಿಗಳು ಈಗ ದೀಪದ ಮರೆಗಳನ್ನೂ ಗೋಡೆಗೆ ತೂಗುಹಾಕುವ ಚಿತ್ರಗಳನ್ನೂ ಮಾಡಿ ಮಾರುತ್ತಾರೆ. ಅದು ಅವರ ಹೊಟ್ಟೆಪಾಡು, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಗೊಂಬೆ ಗೋಡೆಯ ಮೇಲೆ ಉಳಿದು, ಅದರ ಬಾಯಿಂದ ಬರುತ್ತಿದ್ದ ಕಥೆ ಹೋಗಿಬಿಟ್ಟರೆ ಉಳಿದದ್ದೇನು?

ಇನ್ನೊಂದು ಕಹಿ ಸತ್ಯವಿದೆ. ಅನಂತಪುರದ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಮಳೆಯನ್ನೇ ನಂಬಿದ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ನಮ್ಮ ಬಡಾವಣೆಯಲ್ಲಿ ಮನೆ ಕಟ್ಟುವಾಗ ಗಾರೆ ಹೊರುವವರಲ್ಲಿ, ಕಲ್ಯಾಣಮಂಟಪದಲ್ಲಿ ಎಲೆ ತೆಗೆಯುವವರಲ್ಲಿ ಉರುಮೆ ಬಲ್ಲವನೊಬ್ಬ, ಕೋಲಾಟದ ಪದ ಬಲ್ಲವಳೊಬ್ಬಳು ಇರಬಹುದು. ಹಳ್ಳಿ ಪಟ್ಟಣಕ್ಕೆ ಬಂದು ಆಗಿದೆ. ನಾವು ಅದರ ದುಡಿಮೆಯನ್ನು ಬರಮಾಡಿಕೊಂಡೆವು, ಅದರ ಹಾಡನ್ನು ಬಾಗಿಲ ಹೊರಗೇ ನಿಲ್ಲಿಸಿದೆವು.

ಗಡಿಯ ಕಲಾವಿದನ ಕಷ್ಟ ಒಂದು ಕೈ ಹೆಚ್ಚು. ಕರ್ನಾಟಕದ ಅಕಾಡೆಮಿಗಳು ಮೊದಲು ತಮ್ಮ ನಾಡಿನೊಳಗಿನವರನ್ನು ನೋಡುವುದು ಸಹಜ. ಆಂಧ್ರದಲ್ಲಿ ತೆಲುಗಿಗೆ ಮೊದಲ ಮಣೆ ದೊರೆಯುವುದೂ ಸಹಜ. ಮಡಕಶಿರಾದ ಕನ್ನಡ ಹಾಡುಗಾರ ಎರಡು ಮನೆಯ ನೆಂಟನಂತೆ ಎರಡೂ ಕಡೆ ಉಪವಾಸವಿರಬೇಕಾಗುತ್ತದೆ. ದಾರಿಯೇ ಇಲ್ಲವೆಂದಲ್ಲ. ತಂಜಾವೂರಿನಲ್ಲಿರುವ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರಕ್ಕೆ ಎರಡು ರಾಜ್ಯಗಳೂ ಸೇರಿವೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಆದರೆ ಅರ್ಜಿ ಬರೆಯಲು ಬಾರದವನಿಗೆ ಕಚೇರಿಯ ಬಾಗಿಲು ತೆರೆದಿದ್ದರೂ ಒಂದೆ, ಮುಚ್ಚಿದ್ದರೂ ಒಂದೆ. ಓದುಬರಹ ಬಲ್ಲ ನಮ್ಮ ಯುವಕರು ಒಂದು ಅರ್ಜಿ ತುಂಬಿಕೊಟ್ಟರೆ, ಅದೂ ಸೇವೆಯೆ.

ಬಂಧುಗಳೆ, ಕಲಾವಿದನನ್ನು ಪೊರೆಯುವುದು ನಮ್ಮ ಸಮಾಜಕ್ಕೆ ಹೊಸ ಪಾಠವಲ್ಲ. ಕವಿಚಕ್ರವರ್ತಿ ರನ್ನ ಮುದುವೊಳಲಿನ ಬಳೆಗಾರರ ಮನೆಯ ಮಗ. ಅತ್ತಿಮಬ್ಬೆ ಆಶ್ರಯವಿತ್ತಳು, ಕ್ರಿ.ಶ. 993ರಲ್ಲಿ ಅಜಿತಪುರಾಣ ಮೂಡಿತು. ಬಳೆಯ ಮಲಾರ ಹೊರುವ ಕುಲದವನೆಂದು ಆಕೆ ಅವನನ್ನು ಹೊಸ್ತಿಲಾಚೆ ನಿಲ್ಲಿಸಿದ್ದರೆ ಕನ್ನಡಕ್ಕೆ ಎಂಥ ನಷ್ಟವಾಗುತ್ತಿತ್ತು!

ಇಲ್ಲಿ ಓದುಗರಲ್ಲಿ ಕೆಲವರಿಗೆ ಒಂದು ಸಂಕೋಚ ಮೂಡಬಹುದು. ತೊಗಲಿನ ಗೊಂಬೆ, ಚರ್ಮವಾದ್ಯ ಎಂದೊಡನೆ ಅಹಿಂಸಾವ್ರತಿಗಳ ಮನಸ್ಸು ಹಿಂಜರಿಯುವುದು ಸಹಜ. ಆ ವ್ರತವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಭಜನೆಗಳಲ್ಲಿ ನುಡಿಯುವ ಮೃದಂಗ, ತಬಲಗಳಿಗೂ ಚರ್ಮವೇ ಹೊದಿಕೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕಲ್ಲವೆ? ಕಟ್ಟುನಿಟ್ಟಾಗಿ ನಡೆಯುವ ಮನೆಯವರು ಕೋಲಾಟದವರನ್ನು, ತತ್ವಪದ ಹಾಡುವವರನ್ನು, ಸೋಬಾನೆಯ ಹೆಣ್ಣುಮಕ್ಕಳನ್ನು ಕರೆಯಲಿ. ವ್ರತ ನಮ್ಮದು, ಅದನ್ನು ನಾವು ಪಾಲಿಸೋಣ. ಅದರ ನೆಪದಲ್ಲಿ ಕಲಾವಿದನನ್ನು ಕೀಳಾಗಿ ಕಾಣುವುದು ಮಾತ್ರ ಬೇಡ. ಮನ ನೋಯಿಸುವುದೂ ಹಿಂಸೆಯೆ.

ಹಾಗಾದರೆ ಮಾಡಬೇಕಾದದ್ದೇನು? ನಮಗೆ ತೋಚಿದ ಕೆಲವು ಮಾತುಗಳನ್ನು ಹೇಳುತ್ತೇವೆ.

ಕರೆಯುವುದಾದರೆ ಪೂರ್ಣ ಆಟಕ್ಕೆ ಕರೆಯಿರಿ. ಇಡೀ ರಾತ್ರಿ ಸಾಧ್ಯವಾಗದಿದ್ದರೆ ಎರಡು ಗಂಟೆಯ ಒಂದು ಕಥೆಯಾದರೂ ಆಗಲಿ, ಜನ ಕುಳಿತು ಕೇಳುವಂತಿರಲಿ. ಮದುವೆಯ ಹಿಂದಿನ ಸಂಜೆ ಆರ್ಕೆಸ್ಟ್ರಾಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಇದಕ್ಕೆ ಸಾಕು.

ಸಂಭಾವನೆಯನ್ನು ಮೊದಲೇ ಮಾತಾಡಿ. ತಂಡದಲ್ಲಿ ಎಂಟು ಹತ್ತು ಜನರಿರುತ್ತಾರೆ. ಒಂದು ಕಾರ್ಯಕ್ರಮಕ್ಕೆ ಬಂದು ಹೋಗಲು ಪ್ರತಿಯೊಬ್ಬರೂ ಎರಡು ದಿನದ ಕೂಲಿ ಬಿಡಬೇಕು. ಬಸ್ಸಿನ ಖರ್ಚು ಬೇರೆ. ಅರ್ಧವನ್ನು ಮುಂಗಡ ಕಳಿಸಿ, ಉಳಿದದ್ದನ್ನು ಆ ರಾತ್ರಿಯೇ ಕೈಗೆ ಕೊಡಿ. ನಾಳೆ ಬಾ ಎನ್ನುವುದು ಊರಿಗೆ ಮರಳುವವನಿಗೆ ಹೇಳುವ ಮಾತಲ್ಲ.

ಊಟ ಒಂದೇ ಪಂಕ್ತಿಯಲ್ಲಿರಲಿ. ಉರುಮೆ, ತಮಟೆ ನುಡಿಸುವವರಲ್ಲಿ ಹೆಚ್ಚಿನವರು ಊರ ಹೊರಗೆ ಇರಿಸಲ್ಪಟ್ಟ ಕೇರಿಗಳಿಂದ ಬಂದವರು. ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿ, ಆಮೇಲೆ ಹಿತ್ತಲಿನಲ್ಲಿ ಎಲೆ ಹಾಕಿದರೆ ಆ ಚಪ್ಪಾಳೆಗೆ ಅರ್ಥವಿಲ್ಲ. ಮಕ್ಕಳು ನಮ್ಮ ಭಾಷಣಕ್ಕಿಂತ ನಮ್ಮ ಪಂಕ್ತಿಯನ್ನು ನೋಡಿ ಕಲಿಯುತ್ತಾರೆ.

ಅವರು ನಮ್ಮಲ್ಲಿಗೆ ಬರುವಂತೆ ನಾವೂ ಅವರಲ್ಲಿಗೆ ಹೋಗೋಣ. ಕುಟುಂಬಸಮೇತ ಹೇಮಾವತಿಯನ್ನು ನೋಡಲು ಹೊರಟವರು ಮಧ್ಯಾಹ್ನವೇ ಹಿಂದಿರುಗದೆ, ಮೊದಲೇ ತಿಳಿಸಿ, ಸುತ್ತಲ ಒಂದು ಹಳ್ಳಿಯಲ್ಲಿ ಸಂಜೆ ಕಳೆಯಬಹುದು. ಕಡಲೆಕಾಯಿ ಸುಗ್ಗಿ ಮುಗಿದು ಯುಗಾದಿ ಬರುವವರೆಗಿನ ತಿಂಗಳುಗಳಲ್ಲಿ ರೈತನಿಗೂ ಕಲಾವಿದನಿಗೂ ಕೊಂಚ ಬಿಡುವು. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ ಮೂಲಕ ತುಮಕೂರು ಸೇರುವ 207 ಕಿಲೋಮೀಟರ್ ರೈಲು ಮಾರ್ಗ 2007-08ರಲ್ಲಿ ಮಂಜೂರಾಯಿತು. ಅದು ಪೂರ್ತಿಯಾದರೆ ಹಾದಿ ಸುಲಭವಾದೀತು. ಆದರೆ ರೈಲು ಊರುಗಳನ್ನು ಸೇರಿಸಬಲ್ಲದು, ಜನರನ್ನು ಸೇರಿಸುವ ಕೆಲಸ ನಮ್ಮದೇ.

ಮೊಬೈಲಿನಲ್ಲಿ ಚಿತ್ರೀಕರಿಸುವಾಗ ಅವರ ಒಪ್ಪಿಗೆ ಕೇಳಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರೆಂಬುದನ್ನು ಬರೆದಿಡಿ. ಒಂದು ಪ್ರತಿಯನ್ನು ಅವರಿಗೂ ತಲುಪಿಸಿ. ಅವರ ಮೊಮ್ಮಕ್ಕಳಿಗೆ ಅದೇ ಪಾಠಪುಸ್ತಕವಾದೀತು.

ಎಲ್ಲಕ್ಕೂ ಮುಖ್ಯವಾದದ್ದು, ಮತ್ತೆ ಮತ್ತೆ ಕರೆಯುವುದು. ರಾಜಸ್ಥಾನದ ಮಾಂಗಣಿಯಾರ್ ಗಾಯಕರಿಗೆ ತಲೆಮಾರುಗಳಿಂದ ಗೊತ್ತುಮಾಡಿದ ಯಜಮಾನರ ಮನೆಗಳಿವೆ. ಆ ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ ಇವರ ಹಾಡು ಆಗಲೇಬೇಕು. ಗಾಯಕರು ಮುಸಲ್ಮಾನರು, ಯಜಮಾನರಲ್ಲಿ ಹೆಚ್ಚಿನವರು ಹಿಂದೂಗಳು. ನಂಟಿಗೆ ಅದು ಅಡ್ಡಿಯಾಗಿಲ್ಲ. ವಿದ್ವಾಂಸ ಕೋಮಲ್ ಕೋಠಾರಿಯವರು ಅವರನ್ನು ನಗರಗಳಿಗೂ ಪರದೇಶಗಳಿಗೂ ಪರಿಚಯಿಸುವ ಹೊತ್ತಿಗೆ ಪರಿಚಯಿಸಲು ಜೀವಂತ ಕಲೆಯೊಂದು ಅಲ್ಲಿ ಉಳಿದಿತ್ತು. ಅದನ್ನು ಅಲ್ಲಿಯವರೆಗೆ ಬದುಕಿಸಿದ್ದು ಆ ಮನೆಗಳ ತಪ್ಪದ ಕರೆ.

ಮಲ್ಲಿಸೆಟ್ಟಿಯ ಅಡಿಕೆ ಮರಗಳನ್ನು ಮತ್ತೆ ನೆನೆಯೋಣ. ಶಾಲು ಹೊದಿಸಿ ಹಾರ ಹಾಕುವುದು ಒಂದು ದಿನದ ಸಂಭ್ರಮ. ವರ್ಷಕ್ಕೊಮ್ಮೆ ತಪ್ಪದೆ ಕರೆಯುವ ಹತ್ತು ಮನೆಗಳು ಸಿಕ್ಕರೆ ಒಂದು ತಂಡ ಬದುಕುತ್ತದೆ. ಆ ತಂಡದ ಹಿರಿಯ ತನ್ನ ಮಗನ ಕೈಗೆ ಉರುಮೆಯ ಕೋಲನ್ನು ಧೈರ್ಯವಾಗಿ ಕೊಡುತ್ತಾನೆ. ತುಮಕೂರು, ಬಳ್ಳಾರಿ, ಬೆಂಗಳೂರಿನ ಒಂದೊಂದು ಬಡಾವಣೆಯಲ್ಲಿ ಹತ್ತು ಕುಟುಂಬಗಳು ಕೂಡಿಕೊಂಡು ಒಂದು ತಂಡವನ್ನು ತಮ್ಮದೆಂದು ಒಪ್ಪಿಕೊಳ್ಳುವುದು ಅಸಾಧ್ಯವೆ? ಈ ಸಲದ ಮಹಿಳಾ ಸಮಾಜ, ಯುವಕ ಸಂಘಗಳ ಸಭೆಯಲ್ಲಿ ಈ ಮಾತು ಎತ್ತಿರಿ. ದಿನ ಗೊತ್ತುಮಾಡಿ, ಮುಂಗಡ ಕಳಿಸಿ, ಪಂಕ್ತಿಯಲ್ಲಿ ಎಲೆ ಹಾಕಿರಿ. ಕಲಾವಿದರು ಬಂದಾರು, ಅವರು ಕಾಯುತ್ತಿರುವುದು ಒಂದು ಕರೆಗಾಗಿ.