ರಂಧ್ರವಿದ್ದ ಮಾತ್ರಕ್ಕೆ ಗಾರೆ ಕಳಪೆಯಲ್ಲ

ಸುಣ್ಣ ಬೆರೆತ ಸಿಮೆಂಟ್ ಗಾರೆಯಲ್ಲಿ ಸೂಕ್ಷ್ಮರಂಧ್ರ ಹೆಚ್ಚು, ಆದ್ದರಿಂದ ಅದು ಕಳಪೆ ಎಂಬ ವಾದದ ಮೊದಲರ್ಧ ನಿಜ, ತೀರ್ಮಾನ ತಪ್ಪು. ಸುಣ್ಣ ಹೆಚ್ಚಿದಂತೆ ಗಾರೆಯ ಬಲ ಇಳಿಯುತ್ತದೆ, ಒಪ್ಪತಕ್ಕದ್ದೇ. ಆದರೆ ಒಂದಂತಸ್ತಿನ ಇಟ್ಟಿಗೆ ಗೋಡೆಗೆ 1:3 ಸಿಮೆಂಟ್ ಗಾರೆಯಷ್ಟು ಬಲ ಬೇಕಾಗಿಯೇ ಇಲ್ಲ. ಗೋಡೆಗೆ ನೀರು ನುಗ್ಗುವುದು ಬಹುಪಾಲು ಬಿರುಕಿನಿಂದ. ಸಿಮೆಂಟ್ ಹೆಚ್ಚಾದ ಗಾರೆ ಒಣಗುವಾಗ ಕುಗ್ಗಿ ಸೀಳುತ್ತದೆ, ಒಳಸೇರಿದ ತೇವಕ್ಕೆ ಹೊರದಾರಿಯನ್ನೂ ಮುಚ್ಚುತ್ತದೆ. ಸುಣ್ಣದ ರಂಧ್ರಗಳು ಆ ತೇವವನ್ನು ಆವಿಯಾಗಿ ಬಿಟ್ಟುಕೊಡುತ್ತವೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳನ್ನು ಆ ವಾದ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಸೊಪ್ಪು ಹದವಾಗುವಷ್ಟರಲ್ಲಿ ಒಳಗಿನ ಶಾಖ ಸುಮಾರು 35ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ; ಹೊರಗೆ ಮುಂಗಾರಿನ ಜಡಿಮಳೆ. ಪ್ರತಿ ಸಲವೂ ಗೋಡೆ ಹಿಗ್ಗಿ ಕುಗ್ಗುತ್ತದೆ. ಗಾರೆ ಇಟ್ಟಿಗೆಗಿಂತ ಬಿರುಸಾಗಿದ್ದರೆ ಸೀಳು ಇಟ್ಟಿಗೆಯನ್ನೇ ಹಾಯುತ್ತದೆ. ಸಿಮೆಂಟ್, ಸುಣ್ಣ, ಮರಳು 1:1:6ರಂತೆ ಬೆರೆತ ಗಾರೆ ತುಸು ಮಣಿಯುತ್ತದೆ. ಕೂದಲೆಳೆಯ ಬಿರುಕನ್ನು ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ನಿಧಾನಕ್ಕೆ ತುಂಬುವುದೂ ಉಂಟು.

ರಂಧ್ರವೆಂದರೆ ಸೋರಿಕೆ ಎನ್ನುವವರಿಗೆ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ದೂರವೇನಲ್ಲ. 1911ರಲ್ಲಿ ಕೆಲಸ ಶುರುವಾದ ಅದರ ಕಲ್ಲುಕಟ್ಟಡ ಸುಣ್ಣ–ಸುರ್ಕಿ (ಇಟ್ಟಿಗೆ ಪುಡಿ) ಗಾರೆಯದು; ಆದರೂ ನೀರು ಹಿಡಿದು ನಿಂತಿದೆ.

ಸುಣ್ಣದ ಗಾರೆ ಕೆಡುವುದು ಕೈಕೆಲಸದಲ್ಲಿ. ಸರಿಯಾಗಿ ಅರಳದ ಸುಣ್ಣದ ಹರಳು ಗೋಡೆ ಸೇರಿದ ಮೇಲೆ ಅರಳಿ ಗಿಲಾವನ್ನು ಸಿಡಿಸುತ್ತದೆ. ಜರಡಿ ಹಿಡಿಯದೆ ಬೆರೆಸಬಾರದು.