ಸೂತ್ರಧಾರನೂ ಪಾತ್ರಧಾರಿಗಳೂ

1974ನೆಯ ಇಸವಿಯಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ನಮ್ಮ ಮನೆಯ ಮಕ್ಕಳೂ ಆಡುತ್ತಾರೆ. ಮಾತಿನಲ್ಲಿಯೇ ಕಥೆ ಕಟ್ಟುವ ಈ ಆಟದಲ್ಲಿ ಒಬ್ಬನು ಸೂತ್ರಧಾರ. ಕಾಡು, ಕೋಟೆ, ರಾಕ್ಷಸರೆಲ್ಲ ಅವನ ವಶ. ಉಳಿದವರು ತಲೆಗೊಂದು ಪಾತ್ರ ವಹಿಸುವರು. ಫಲವು ಸಂದಿಗ್ಧವಾದಲ್ಲಿ 20 ಮುಖಗಳ ದಾಳವೇ ಪ್ರಮಾಣ.

ಮೊನ್ನೆ ಸೂತ್ರಧಾರನಾದ ಮೊಮ್ಮಗನು “ನಿನ್ನ ವೀರನು ಹೆದರಿ ಓಡಿದನು” ಎಂದುಬಿಡಲು, ಅವನ ತಂಗಿಯು ಕಣ್ಣೀರಿಟ್ಟಳು. ನ್ಯಾಯವು ಅವಳ ಕಡೆಗೇ ಇತ್ತು. ಎಂತಹ ರಾಕ್ಷಸನನ್ನಾದರೂ ಎದುರಿಗೆ ನಿಲ್ಲಿಸುವ ಅಧಿಕಾರ ಅವನದು. ಓಡುವುದೋ ನಿಲ್ಲುವುದೋ ಅವಳ ಇಚ್ಛೆ. ಮಂತ್ರದಿಂದ ಮೂಡಿದ ಭಯವಾದರೆ ಮಾತು ಬೇರೆ. ಆದರೆ ಅವಳೂ ತನ್ನ ಪಾತ್ರದ ನಿಯಮಗಳನ್ನು ಓದಿರಲಿಲ್ಲ. ಪ್ರತಿಯೊಂದಕ್ಕೂ ಅಣ್ಣನನ್ನೇ ಕಾಡುತ್ತಿದ್ದಳು. ಎರಡು ರಾತ್ರಿ ನಿದ್ದೆಗೆಟ್ಟು ನಕ್ಷೆ ಬರೆದವನ ಮೇಲೆ ಆ ಭಾರವನ್ನೂ ಹೊರಿಸುವುದು ಸರಿಯೆ ಎಂದು ಕೇಳಿದೆವು. ಅವನು ಮಾತನ್ನು ಹಿಂದೆಗೆದುಕೊಂಡನು. ಅವಳಿನ್ನೂ ಪುಸ್ತಕವನ್ನು ಮುಟ್ಟಿಲ್ಲ.