ಗಣಿಗಳ ಸುರಕ್ಷತೆಗೆ ಬಹುಮಾನ

ಅಪಘಾತಗಳನ್ನು ತಗ್ಗಿಸಿದ ಗಣಿಗಳನ್ನು ಗೌರವಿಸುವದಕ್ಕೆಂದು ಭಾರತ ಸರಕಾರದವರು 1983ರಲ್ಲಿ ರಾಷ್ಟ್ರೀಯ ಸುರಕ್ಷತಾ ಪ್ರಶಸ್ತಿಗಳನ್ನು ಸ್ಥಾಪಿಸಿದರು. ಉದ್ದೇಶವು ಸ್ತುತ್ಯವಾದುದು. ಆದರೆ ಗಾಯಗಳ ಸಂಖ್ಯೆಯೇ ಅಳತೆಗೋಲಾದಲ್ಲಿ, ಕೂಲಿಗಾರನ ಮುರಿದ ಬೆರಳು ಲೆಕ್ಕದ ಪುಸ್ತಕವನ್ನು ಸೇರದೆ ಉಳಿಯಲು ಆಸ್ಪದವಾದೀತೆಂದು ನಾವು ಶಂಕಿಸುತ್ತೇವೆ. ಬರೆದಿಡದ ಗಾಯಕ್ಕೆ ಪರಿಹಾರ ಪಡೆಯುವದು ಎಷ್ಟು ಕಷ್ಟವೆಂಬುದನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು.

1989ರ ನವೆಂಬರದಲ್ಲಿ ಬಂಗಾಲದ ರಾಣಿಗಂಜದ ಮಹಾವೀರ ಕಲ್ಲಿದ್ದಲ ಗಣಿಗೆ ನೀರು ನುಗ್ಗಿತು. ಇಂಜಿನಿಯರ ಜಸವಂತಸಿಂಗ ಗಿಲ್ಲರು ಮೇಲಿನಿಂದ ರಂಧ್ರ ಕೊರೆಯಿಸಿ, ಒಬ್ಬನು ನಿಲ್ಲುವಷ್ಟೇ ಇಕ್ಕಟ್ಟಾದ ಉಕ್ಕಿನ ಗೂಡೊಂದನ್ನು ಮಾಡಿಸಿ, ತಾವೇ ಅದರಲ್ಲಿ ಇಳಿದರು. 65 ಜನರನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಕಳಿಸಿದರು. ಅವರಿಗೆ 1991ರಲ್ಲಿ ಸರ್ವೋತ್ತಮ ಜೀವನ ರಕ್ಷಾ ಪದಕವು ಸಂದುದು ನ್ಯಾಯವೇ ಸರಿ.

ನಮ್ಮ ಕೋಲಾರದಲ್ಲಿ, 2001ರಲ್ಲಿ ಗಣಿಗಳು ಮುಚ್ಚುವವರೆಗೂ, ಭೂಗರ್ಭದ ಬಂಡೆಗಳು ಭಾರ ತಾಳಲಾರದೆ ಸಿಡಿಯುತ್ತಿದ್ದವು. ಅದರಿಂದಲೇ ಅಲ್ಲಿ ಕಟ್ಟಿಗೆಯ ಆಸರೆಗೆ ಬದಲಾಗಿ ಕಗ್ಗಲ್ಲಿನ ಗೋಡೆ ಕಟ್ಟುವ ಪದ್ಧತಿಯೂ, ನೆಲದ ಕಂಪನವನ್ನು ಅಳೆಯುವ ಯಂತ್ರಗಳೂ ಬಂದವು. ಆದರೆ ಬಂಡೆಯ ಬಿರುಕಿನ ಸದ್ದು ಮೊದಲು ಬೀಳುವದು ಕೂಲಿಗಾರನ ಕಿವಿಗೆ. ಅಪಾಯವನ್ನು ಮುಂಚಿತವಾಗಿ ತಿಳಿಸಿದ ಅಂಥವನಿಗೆ ಹೆಸರು ಹಿಡಿದು ಬಹುಮಾನ ಕೊಡಬೇಕು. ಪ್ರಶಸ್ತಿಯ ನಿರ್ಣಾಯಕರು ಗಣಿಯ ದಾಖಲೆಯನ್ನು ಆಸ್ಪತ್ರೆಯ ದಾಖಲೆಯೊಡನೆ ತಾಳೆ ನೋಡಬೇಕು. ಗುತ್ತಿಗೆಯ ಆಳುಗಳ ವಿಷಯದಲ್ಲಂತೂ ಅವಶ್ಯವಾಗಿ. ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿರುವ ಕರ್ನಾಟಕವು ಇದನ್ನು ಮೊದಲು ಕೈಕೊಳ್ಳಲೆಂದು ನಾವು ಆಗ್ರಹಪಡಿಸುತ್ತೇವೆ.